ದೀಪಾವಳಿಯ ಅಮಾವಾಸ್ಯೆ ಮತ್ತು ಗೌತಮ ಗಣಧರರು

ದೀಪಾವಳಿಯ ಅಮಾವಾಸ್ಯೆಯಂದು ಬೆಳಗಿನ ಜಾವ ಬಸದಿಗಳಲ್ಲಿ ಭಗವಾನ್ ಮಹಾವೀರರ ನಿರ್ವಾಣ ಪೂಜೆ ನೆರವೇರುತ್ತದೆ. ಶ್ರಾವಕ ಶ್ರಾವಿಕೆಯರು ಮಿಂದು ಮಡಿಯುಟ್ಟು, ಇನ್ನೂ ಕತ್ತಲಿರುವಾಗಲೇ ಬಂದು, ನಿರ್ವಾಣದ ಲಾಡುವನ್ನು ಅರ್ಪಿಸಿ ಹಿಂದಿರುಗುತ್ತಾರೆ. ಅದೇ ದಿನ ಸಂಜೆ ಇನ್ನೊಂದು ಪೂಜೆಯುಂಟು. ಅದು ಗೌತಮ ಗಣಧರರ ಪೂಜೆ, ಕೇವಲಜ್ಞಾನಲಕ್ಷ್ಮಿಯ ಪೂಜೆ. ಬೆಳಗಿನ ಪೂಜೆಗೆ ಸೇರಿದಷ್ಟು ಜನ ಹಲವೆಡೆ ಸಂಜೆಯ ಪೂಜೆಗೆ ಸೇರುವುದಿಲ್ಲ. ಮನೆಯ ಹಬ್ಬ, ಅಂಗಡಿಯ ಪೂಜೆ, ಮಕ್ಕಳ ಸಂಭ್ರಮ ಎಲ್ಲವೂ ಆ ಹೊತ್ತಿಗೇ ಒದಗಿಬರುವುದರಿಂದ ಇದು ಸಹಜವೇ. ಆದರೆ ಆ ಸಂಜೆಯ ಪೂಜೆ ಯಾರನ್ನು ಕುರಿತದ್ದು, ಅದೇ ದಿನವೇ ಏಕೆ ಎಂಬುದನ್ನು ಅರಿಯದವರಿಗೆ ಬೆಳಗಿನ ಪೂಜೆಯ ಅರ್ಥವೂ ಅರ್ಧದಷ್ಟೇ ದೊರೆತಂತೆ.

ಒಂದೇ ತಿಥಿಯಲ್ಲಿ ಹಲವು ಮಹಾಘಟನೆಗಳು ಕೂಡಿಬರುವುದು ಅಪೂರ್ವವೇನಲ್ಲ. ಇದೇ ದೀಪಾವಳಿಯಂದು, 1883ರಲ್ಲಿ, ಸ್ವಾಮಿ ದಯಾನಂದ ಸರಸ್ವತಿಯವರು ಅಜ್ಮೀರದಲ್ಲಿ ದೇಹತ್ಯಾಗ ಮಾಡಿದರು. 1906ರ ದೀಪಾವಳಿಯಂದು ಸ್ವಾಮಿ ರಾಮತೀರ್ಥರು ಗಂಗೆಯಲ್ಲಿ ಲೀನರಾದರು. ಗುರು ಹರಗೋವಿಂದರು ಗ್ವಾಲಿಯರ್ ಕೋಟೆಯ ಸೆರೆಯಿಂದ ಬಿಡುಗಡೆಯಾದುದನ್ನು ಸಿಖ್ ಬಾಂಧವರು ಇದೇ ದಿನ ನೆನೆಯುತ್ತಾರೆ. ಈ ಘಟನೆಗಳಿಗೆ ದಿನವೊಂದನ್ನುಳಿದು ಪರಸ್ಪರ ಸಂಬಂಧವಿಲ್ಲ. ಮಹಾವೀರರ ನಿರ್ವಾಣ ಮತ್ತು ಗೌತಮರ ಕೇವಲಜ್ಞಾನದ ಮಾತು ಹಾಗಲ್ಲ. ಅಲ್ಲಿ ಮೊದಲನೆಯದು ನಡೆದುದರಿಂದಲೇ ಎರಡನೆಯದು ನಡೆಯಿತು. ಗುರುವಿನ ಅಗಲಿಕೆಯೇ ಶಿಷ್ಯನ ಕಣ್ಣಿನ ಕೊನೆಯ ಪೊರೆಯನ್ನು ಸರಿಸಿತು.

ಗಣಧರರ ಪೂರ್ವಾಶ್ರಮದ ಹೆಸರು ಇಂದ್ರಭೂತಿ. ಗೌತಮ ಎಂಬುದು ಗೋತ್ರದಿಂದ ಬಂದ ಹೆಸರು. ಮಗಧ ದೇಶದ ಬ್ರಾಹ್ಮಣ ಕುಲದಲ್ಲಿ ಜನಿಸಿದ ಇವರಿಗೆ ಅಗ್ನಿಭೂತಿ, ವಾಯುಭೂತಿ ಎಂಬ ಇಬ್ಬರು ತಮ್ಮಂದಿರಿದ್ದರು. ಶ್ವೇತಾಂಬರ ಪರಂಪರೆಯು ತಂದೆಯ ಹೆಸರನ್ನು ವಸುಭೂತಿಯೆಂದೂ ತಾಯಿಯ ಹೆಸರನ್ನು ಪೃಥ್ವಿಯೆಂದೂ ಹೇಳುತ್ತದೆ. ಮೂವರೂ ವೇದ ವೇದಾಂಗಗಳಲ್ಲಿ ಪಾರಂಗತರು. ಇಂದ್ರಭೂತಿಯೊಬ್ಬರ ಬಳಿಯೇ 500 ಮಂದಿ ಶಿಷ್ಯರು ಓದುತ್ತಿದ್ದರು. ಅಂಥ ವಿದ್ವಾಂಸರಿಗೆ ತಮ್ಮ ವಿದ್ಯೆಯ ಬಗೆಗೆ ಅಭಿಮಾನವಿದ್ದುದು ಸಹಜ. ಅದು ಸಾಧಾರಣ ಅಭಿಮಾನವಾಗಿರಲಿಲ್ಲ ಎಂಬುದರಲ್ಲಿ ಎರಡು ಪರಂಪರೆಗಳೂ ಒಮ್ಮತದಿಂದಿವೆ.

ಆ ಕಾಲಕ್ಕೆ ವರ್ಧಮಾನರು 12 ವರ್ಷಗಳ ಕಠೋರ ತಪಸ್ಸನ್ನು ಮುಗಿಸಿ, ಋಜುಕೂಲಾ ನದಿಯ ತೀರದಲ್ಲಿ, ಜೃಂಭಿಕ ಗ್ರಾಮದ ಬಳಿ, ವೈಶಾಖ ಶುಕ್ಲ ದಶಮಿಯಂದು ಕೇವಲಜ್ಞಾನವನ್ನು ಪಡೆದಿದ್ದರು. ಸಮವಸರಣ ಸಿದ್ಧವಾಯಿತು. ದೇವತೆಗಳೂ ಮನುಷ್ಯರೂ ಪಶುಪಕ್ಷಿಗಳೂ ಬಂದು ಕುಳಿತರು. ಆದರೆ ದಿವ್ಯಧ್ವನಿ ಹೊರಡಲಿಲ್ಲ. ದಿಗಂಬರ ಪರಂಪರೆಯಂತೆ 66 ದಿನಗಳ ಕಾಲ ಭಗವಂತರು ಮೌನವಾಗಿಯೇ ಇದ್ದರು. ಕೇಳುವವರಿಗೇನೂ ಕೊರತೆಯಿರಲಿಲ್ಲ. ಕೇಳಿದುದನ್ನು ಅದರ ಸಮಗ್ರತೆಯಲ್ಲಿ ಧರಿಸಿ, ಅಂಗಗಳಾಗಿ ಹೊಂದಿಸಿ, ಲೋಕಕ್ಕೆ ಒಪ್ಪಿಸಬಲ್ಲ ಗಣಧರರೊಬ್ಬರು ಅಲ್ಲಿರಲಿಲ್ಲ. ಇಂದ್ರನಂಥ ಇಂದ್ರನೇ ಇದ್ದೂ ಮೊದಲ ದಿನವೇ ಗಣಧರರನ್ನು ಏಕೆ ತರಲಿಲ್ಲವೆಂಬ ಪ್ರಶ್ನೆಯನ್ನು ಪ್ರಾಚೀನ ಟೀಕಾಕಾರರೇ ಎತ್ತಿಕೊಂಡು, ಕಾಲಲಬ್ಧಿ ಒದಗುವವರೆಗೆ ಇಂದ್ರನಿಗೂ ಅದು ಸಾಧ್ಯವಿರಲಿಲ್ಲವೆಂದು ಉತ್ತರಿಸಿದ್ದಾರೆ. ತೀರ್ಥಂಕರರ ವಾಣಿಯೂ ಯೋಗ್ಯ ಶಿಷ್ಯನಿಗಾಗಿ ಕಾದಿತ್ತು ಎಂಬ ಈ ಭಾವನೆಯಲ್ಲಿ ಶಿಷ್ಯನ ಸ್ಥಾನಕ್ಕೆ ಸಂದಿರುವ ಗೌರವ ಬೇರೆಲ್ಲಿಯೂ ಸುಲಭವಾಗಿ ಸಿಕ್ಕದು.

ಕಡೆಗೆ ಇಂದ್ರನು ವೃದ್ಧ ಬ್ರಾಹ್ಮಣನ ವೇಷದಲ್ಲಿ ಇಂದ್ರಭೂತಿಯ ಬಳಿಗೆ ಬಂದನು. ತನ್ನ ಗುರುಗಳು ಒಂದು ಶ್ಲೋಕವನ್ನು ಹೇಳಿ ಮೌನಕ್ಕೆ ಸಂದರು, ಅದರ ಅರ್ಥ ತಿಳಿಯದೆ ಅಲೆಯುತ್ತಿದ್ದೇನೆ ಎಂದು ಬಿನ್ನವಿಸಿದನು. ದ್ರವ್ಯಗಳ, ಪದಾರ್ಥಗಳ, ಲೇಶ್ಯೆಗಳ ಎಣಿಕೆಯಿದ್ದ ಶ್ಲೋಕ ಅದು. ಪದಗಳೆಲ್ಲ ಪರಿಚಿತವಾದವೇ. ಆದರೆ ಎಣಿಕೆಯ ಹಿಂದಿನ ತತ್ತ್ವ ಯಾವುದೆಂಬುದು ಆ ಮಹಾವಿದ್ವಾಂಸರಿಗೆ ಹೊಳೆಯಲಿಲ್ಲ. ತಿಳಿಯದೆಂದು ಒಪ್ಪಿಕೊಳ್ಳಲು ಮನಸ್ಸೂ ಬರಲಿಲ್ಲ. ಈ ಮುದುಕನ ಮುಂದೆ ಹೇಳುವುದೇನು, ಅವನ ಗುರುವಿನೊಡನೆಯೇ ವಾದಿಸುವೆನೆಂದು ತಮ್ಮಂದಿರನ್ನೂ ಶಿಷ್ಯರನ್ನೂ ಕೂಡಿಕೊಂಡು ರಾಜಗೃಹದ ವಿಪುಲಾಚಲದ ಕಡೆಗೆ ಹೊರಟರು. ಸಮವಸರಣದ ಬಾಗಿಲಲ್ಲಿ ಮಾನಸ್ತಂಭ ಎದುರಾಯಿತು. ಅದನ್ನು ಕಂಡೊಡನೆ ಮಾನ ಕರಗಿತು. ವಾದಕ್ಕೆಂದು ಬಂದವರು ವಾದದ ಮಾತನ್ನೇ ಮರೆತು ದೀಕ್ಷೆಯನ್ನು ಬೇಡಿದರು. ನಮ್ಮ ಬಸದಿಗಳ ಮುಂದೆ ನಿಂತಿರುವ ಮಾನಸ್ತಂಭಗಳನ್ನು ಶಿಲ್ಪದ ಚೆಲುವಿಗಾಗಿ ನೋಡಿ ಮುಂದೆ ಸಾಗುವವರೇ ಹೆಚ್ಚು. ಮೂಡುಬಿದಿರೆಯಲ್ಲಾಗಲಿ ಕಾರ್ಕಳದಲ್ಲಾಗಲಿ ಅದರ ಬುಡದಲ್ಲಿ ನಿಂತು ತಲೆಯೆತ್ತಿದಾಗ ಇಂದ್ರಭೂತಿಯನ್ನು ಒಮ್ಮೆ ನೆನೆದರೆ ಅದು ಅಲ್ಲಿರುವ ಕಾರಣ ತಿಳಿಯುತ್ತದೆ.

ಶ್ವೇತಾಂಬರ ಆಗಮ ಪರಂಪರೆ ಈ ಭೇಟಿಯನ್ನು ಬೇರೊಂದು ಬಗೆಯಲ್ಲಿ ಹೇಳುತ್ತದೆ. ಮಧ್ಯಮ ಪಾವೆಯಲ್ಲಿ ಸೋಮಿಲನೆಂಬ ಬ್ರಾಹ್ಮಣನು ದೊಡ್ಡ ಯಜ್ಞವೊಂದನ್ನು ಹೂಡಿದ್ದನು. ಅಲ್ಲಿಗೆ ಬಂದಿದ್ದ 11 ಮಂದಿ ವಿದ್ವಾಂಸರಲ್ಲಿ ಇಂದ್ರಭೂತಿಯೇ ಅಗ್ರಗಣ್ಯರು. ಆಕಾಶದಲ್ಲಿ ದೇವವಿಮಾನಗಳು ತಮ್ಮ ಯಜ್ಞಕ್ಕೆ ಬರುತ್ತಿವೆಯೆಂದು ಹಿಗ್ಗಿದವರು, ಅವು ಯಜ್ಞಶಾಲೆಯನ್ನು ದಾಟಿ ಮಹಾವೀರರ ಸಮವಸರಣಕ್ಕೆ ಹೋದುದನ್ನು ಕಂಡು ಕೆರಳಿದರು. ಕೆರಳಿ ಹೋದವರನ್ನು ಭಗವಂತರು ಹೆಸರು ಹಿಡಿದು ಬರಮಾಡಿಕೊಂಡರು. ಅಷ್ಟೇ ಅಲ್ಲ, ಯಾರಿಗೂ ಹೇಳದೆ ಮನಸ್ಸಿನಲ್ಲೇ ಬಚ್ಚಿಟ್ಟುಕೊಂಡಿದ್ದ ಸಂದೇಹವನ್ನೂ ಎತ್ತಿ ತೋರಿದರು. ಜೀವವೆಂಬುದು ಇದೆಯೋ ಇಲ್ಲವೋ ಎಂಬುದೇ ಆ ಸಂದೇಹ. 500 ಮಂದಿಗೆ ಪಾಠ ಹೇಳುವ ಗುರುವಿಗೆ ಇಂಥ ಮೂಲಭೂತ ಸಂದೇಹವಿದ್ದುದನ್ನೂ, ಅದನ್ನು ಅವರು ಯಾರೊಡನೆಯೂ ಹೇಳಿಕೊಳ್ಳಲಾರದೆ ಇದ್ದುದನ್ನೂ ಪರಂಪರೆ ಮರೆಮಾಚಿಲ್ಲ. ಸಂದೇಹ ಪರಿಹಾರವಾದೊಡನೆ ಇಂದ್ರಭೂತಿ ಶಿಷ್ಯರಾದರು. ಅವರನ್ನು ಹುಡುಕಿಕೊಂಡು ಬಂದ ಅಗ್ನಿಭೂತಿ, ಆತನನ್ನು ಹುಡುಕಿಕೊಂಡು ಬಂದ ವಾಯುಭೂತಿ, ಹೀಗೆ ಒಬ್ಬರಾದ ಮೇಲೊಬ್ಬರಂತೆ 11 ಮಂದಿಯೂ ತಮ್ಮ 4,400 ಶಿಷ್ಯರೊಡನೆ ದೀಕ್ಷೆ ಪಡೆದರು. ಈ ಪ್ರಸಂಗವೇ ಗಣಧರವಾದವೆಂದು ಪ್ರಸಿದ್ಧವಾಗಿದೆ.

ದಿಗಂಬರ ಪರಂಪರೆಯಲ್ಲಿ ಗೌತಮರು ಶಿಷ್ಯರಾದುದರ ನೆನಪಿಗೆ ಆಷಾಢ ಪೂರ್ಣಿಮೆಯನ್ನು ಗುರುಪೂರ್ಣಿಮೆಯಾಗಿ ಆಚರಿಸುವುದುಂಟು. ಮರುದಿನ, ಶ್ರಾವಣ ಕೃಷ್ಣ ಪಾಡ್ಯಮಿಯಂದು, ಮೊದಲ ದಿವ್ಯಧ್ವನಿ ಹೊರಟಿತು. ಆ ದಿನವೇ ವೀರಶಾಸನ ಜಯಂತಿ. ಅದೇ ದಿನ ಒಂದೇ ಮುಹೂರ್ತದಲ್ಲಿ ಗೌತಮರು ದ್ವಾದಶಾಂಗ ಶ್ರುತವನ್ನು ರಚಿಸಿದರೆಂದು ವೀರಸೇನಾಚಾರ್ಯರ ಧವಲಾ ಟೀಕೆ ಹೇಳುತ್ತದೆ. ಆ ಟೀಕೆಯ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದುದು ನಮ್ಮ ಮೂಡುಬಿದಿರೆಯ ಸಿದ್ಧಾಂತ ಬಸದಿ.

ಇಲ್ಲಿ ಪಂಚಾಂಗದ ಒಂದು ಮಾತನ್ನು ಹೇಳಬೇಕು. ಮೇಲಿನ ತಿಥಿಗಳು ಉತ್ತರ ದೇಶದ ಪೂರ್ಣಿಮಾಂತ ಗಣನೆಯವು. ಅಲ್ಲಿ ಹುಣ್ಣಿಮೆಗೆ ಮಾಸ ಮುಗಿಯುತ್ತದೆ. ನಮ್ಮಲ್ಲಿ ಅಮಾವಾಸ್ಯೆಗೆ ಮುಗಿಯುತ್ತದೆ. ಆದ್ದರಿಂದ ಅವರ ಶ್ರಾವಣ ಕೃಷ್ಣ ಪಾಡ್ಯಮಿ ನಮಗೆ ಆಷಾಢ ಬಹುಳ ಪಾಡ್ಯಮಿ. ಅವರ ಕಾರ್ತಿಕ ಕೃಷ್ಣ ಅಮಾವಾಸ್ಯೆ ನಮಗೆ ಆಶ್ವಯುಜ ಬಹುಳ ಅಮಾವಾಸ್ಯೆ. ಗ್ರಂಥದಲ್ಲಿ ಕಾರ್ತಿಕವೆಂದು ಓದಿ, ಮನೆಯ ಪಂಚಾಂಗದಲ್ಲಿ ಆಶ್ವಯುಜವೆಂದು ಕಂಡು ಗೊಂದಲಪಡುವವರು ಪ್ರತಿ ವರ್ಷವೂ ಇರುತ್ತಾರೆ. ಹೆಸರು ಎರಡಾದರೂ ಆಕಾಶದ ಅಮಾವಾಸ್ಯೆ ಒಂದೇ.

ದೀಕ್ಷೆಯ ಕಾಲಕ್ಕೆ ಗೌತಮರಿಗೆ 50 ವರ್ಷವೆಂದು ಶ್ವೇತಾಂಬರ ಗಣನೆ. ಮುಂದಿನ 30 ವರ್ಷಗಳ ಕಾಲ ಅವರು ಭಗವಂತರ ನೆರಳಿನಂತೆ ಇದ್ದರು. 14,000 ಮುನಿಗಳ ಸಂಘಕ್ಕೆ ಅಗ್ರಣಿಯಾಗಿದ್ದೂ ಅವರು ಮಾಡುತ್ತಿದ್ದ ಮುಖ್ಯ ಕೆಲಸ ಪ್ರಶ್ನೆ ಕೇಳುವುದು. ಭಗವತೀ ಸೂತ್ರದಲ್ಲಿ ಪುಟಪುಟಕ್ಕೂ ಗೌತಮರು ಕೇಳುತ್ತಾರೆ, ಭಗವಂತರು ಹೇಳುತ್ತಾರೆ. ಜೀವದ ಬಗೆಗೆ, ಪರಮಾಣುವಿನ ಬಗೆಗೆ, ನರಕ ಸ್ವರ್ಗಗಳ ಬಗೆಗೆ, ಕೆಲವೊಮ್ಮೆ ತೀರ ಸಾಮಾನ್ಯವೆನಿಸುವ ವಿಷಯಗಳ ಬಗೆಗೆ ಕೂಡ. ನಮ್ಮ ಕನ್ನಡ ಜೈನ ಪುರಾಣಗಳಿಗೆ ಬಂದರೆ ಪಾತ್ರ ಬದಲಾಗುತ್ತದೆ. ಅಲ್ಲಿ ಕೇಳುವವನು ಮಗಧದ ಅರಸು ಶ್ರೇಣಿಕ, ಹೇಳುವವರು ಗೌತಮರು. ಬಸದಿಯಲ್ಲಿ ಪುರಾಣ ಪಠನ ಕೇಳಿದವರಿಗೆ ವಿಪುಲಾಚಲದ ಆ ಸಭೆ ಕಣ್ಣಿಗೆ ಕಟ್ಟಿದಂತಿರುತ್ತದೆ. ಹೇಳಬಲ್ಲವರಾದುದು ಕೇಳಿಕೇಳಿಯೇ ಎಂಬುದು ಎರಡನ್ನೂ ಒಟ್ಟಿಗಿಟ್ಟು ನೋಡಿದಾಗ ತೋರುತ್ತದೆ.

ಅವರ ಸ್ವಭಾವವನ್ನು ತಿಳಿಯಲು ಉಪಾಸಕದಶಾಂಗದ ಆನಂದ ಶ್ರಾವಕನ ಪ್ರಸಂಗವೊಂದೇ ಸಾಕು. ವಾಣಿಜ್ಯಗ್ರಾಮದ ಗೃಹಸ್ಥನಾದ ಆನಂದನು ದೀರ್ಘಕಾಲ ಅಣುವ್ರತಗಳನ್ನು ಪಾಲಿಸಿ, ಕೊನೆಗೆ ಪ್ರೋಷಧಶಾಲೆಯಲ್ಲಿ ಸಲ್ಲೇಖನವನ್ನು ಕೈಗೊಂಡಿದ್ದನು. ಭಿಕ್ಷೆಗೆ ಹೊರಟಿದ್ದ ಗೌತಮರು ಸುದ್ದಿ ಕೇಳಿ ಅವನನ್ನು ನೋಡಲು ಹೋದರು. ಎದ್ದು ಬರಲಾರದಷ್ಟು ಕೃಶನಾಗಿದ್ದ ಆನಂದನು ಅವರ ಪಾದಕ್ಕೆ ತಲೆಯಿಟ್ಟು, ತನಗೆ ಅವಧಿಜ್ಞಾನ ಉಂಟಾಗಿರುವುದನ್ನೂ ಅದರ ವ್ಯಾಪ್ತಿಯನ್ನೂ ಅರಿಕೆ ಮಾಡಿದನು. ಗೃಹಸ್ಥನಿಗೆ ಅವಧಿಜ್ಞಾನವಾಗಬಹುದು, ಆದರೆ ಇಷ್ಟು ವಿಸ್ತಾರವಾಗಿ ಅಲ್ಲ, ಹೇಳಿದ ತಪ್ಪಿಗೆ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕೆಂದು ಗೌತಮರು ತಿಳಿಹೇಳಿದರು. ಆನಂದನು ವಿನಯದಿಂದಲೇ ಮರುಪ್ರಶ್ನೆ ಹಾಕಿದನು. ಜಿನಶಾಸನದಲ್ಲಿ ಸತ್ಯವನ್ನು ಹೇಳಿದವನಿಗೂ ಪ್ರಾಯಶ್ಚಿತ್ತವುಂಟೇ ಎಂದು ಕೇಳಿದನು. ಗೌತಮರಿಗೆ ಶಂಕೆ ಹುಟ್ಟಿತು. ಅವರು ಭಿಕ್ಷಾಪಾತ್ರೆಯೊಡನೆ ಭಗವಂತರ ಬಳಿಗೆ ಹಿಂದಿರುಗಿ ನಡೆದುದೆಲ್ಲವನ್ನೂ ನಿವೇದಿಸಿದರು. ಆನಂದನು ಹೇಳಿದುದೇ ನಿಜ, ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾದವರು ಗೌತಮರೇ ಎಂದು ಉತ್ತರ ಬಂದಿತು. ಪ್ರಥಮ ಗಣಧರರು ಒಡನೆಯೇ ಹೊರಟು, ಹಾಸಿಗೆ ಹಿಡಿದಿದ್ದ ಆ ಗೃಹಸ್ಥನ ಮುಂದೆ ನಿಂತು ಕ್ಷಮೆ ಬೇಡಿದರು. ಪರ್ಯೂಷಣದ ಕೊನೆಗೆ ನಾವು ಕ್ಷಮಾವಣಿಯನ್ನು ಆಚರಿಸುತ್ತೇವೆ. ಹಿರಿಯರು ಕಿರಿಯರಲ್ಲಿ, ಗುರುಗಳು ಶಿಷ್ಯರಲ್ಲಿ ಕ್ಷಮೆ ಕೇಳುವುದು ಎಷ್ಟು ಕಷ್ಟವೆಂಬುದು ಕೇಳಿದವರಿಗೇ ಗೊತ್ತು. ಒಂದು ಕಾಲಕ್ಕೆ ಮುದುಕನ ಮುಂದೆ ತನಗೆ ತಿಳಿಯದೆಂದು ಹೇಳಲಾರದೆ ಹೋಗಿದ್ದ ಇಂದ್ರಭೂತಿ ಇವರೇ ಎಂಬುದನ್ನು ಇಲ್ಲಿ ನೆನೆಯಬೇಕು.

ಪೋಲಾಸಪುರದ ಪುಟ್ಟ ರಾಜಕುಮಾರ ಅತಿಮುಕ್ತನು ಆಟದ ನಡುವೆ ಗೌತಮರನ್ನು ಕಂಡು, ಅವರ ಬೆರಳನ್ನು ಹಿಡಿದು ಮನೆಗೆ ಕರೆದೊಯ್ದು ತಾಯಿಯಿಂದ ಭಿಕ್ಷೆ ಕೊಡಿಸಿದ ಕಥೆಯೂ ಆಗಮಗಳಲ್ಲಿದೆ. ಶ್ರಾವಸ್ತಿಯಲ್ಲಿ ಪಾರ್ಶ್ವನಾಥ ಪರಂಪರೆಯ ಕೇಶಿ ಶ್ರಮಣರೊಡನೆ ನಡೆದ ಸಂವಾದ ಇನ್ನೂ ಪ್ರಸಿದ್ಧ. ಪಾರ್ಶ್ವರದು ಚಾತುರ್ಯಾಮ, ಮಹಾವೀರರದು ಪಂಚ ಮಹಾವ್ರತ. ಒಂದೇ ಗುರಿಗೆ ಎರಡು ದಾರಿಗಳೇಕೆಂಬ ಕಠಿಣ ಪ್ರಶ್ನೆಯನ್ನು ಇಬ್ಬರೂ ಪರಸ್ಪರ ಗೌರವದಿಂದ ಬಿಡಿಸಿಕೊಂಡರು. ಅಂದು ಎರಡು ಸಂಘಗಳು ಒಂದಾದವು. ವಾದಕ್ಕೆಂದೇ ಹುಟ್ಟಿದಂತಿದ್ದವರು ವಾದದಲ್ಲಿ ಯಾರನ್ನೂ ಸೋಲಿಸದೆ ಗೆದ್ದ ಸಂದರ್ಭವಿದು.

ಇಷ್ಟಾದರೂ ಅವರಿಗೆ ಕೇವಲಜ್ಞಾನ ಒದಗಲಿಲ್ಲ. ಅವರಿಂದ ಉಪದೇಶ ಪಡೆದವರು ಕೇವಲಿಗಳಾಗುತ್ತಿದ್ದರು, ಅವರು ಮಾತ್ರ ಇದ್ದಲ್ಲೇ ಇದ್ದರು. ಅಷ್ಟಾಪದದ ತಪ್ಪಲಿನಲ್ಲಿ 1,500 ತಾಪಸರು ಅವರಿಂದ ದೀಕ್ಷೆ ಪಡೆದು, ಭಗವಂತರ ಸನ್ನಿಧಿಗೆ ಬರುವಷ್ಟರಲ್ಲಿ ಎಲ್ಲರೂ ಕೇವಲಿಗಳಾಗಿದ್ದರೆಂದು ಶ್ವೇತಾಂಬರ ಕಥೆ ಹೇಳುತ್ತದೆ. ವಾಡಿಕೆಯಂತೆ ಭಗವಂತರಿಗೆ ವಂದಿಸಿರೆಂದು ಗೌತಮರು ಅವರಿಗೆ ಸೂಚಿಸಿದಾಗ, ಕೇವಲಿಗಳಿಗೆ ಹಾಗೆ ಅಪ್ಪಣೆ ಕೊಡಬಾರದೆಂದು ಭಗವಂತರೇ ತಡೆಯಬೇಕಾಯಿತು. ಗೌತಮರ ಮನಸ್ಸಿಗೆ ಆ ಗಳಿಗೆ ಹೇಗಿದ್ದಿರಬೇಕು! ಶಿಷ್ಯರ ಮೇಲೆ ಅಸೂಯೆಯಿಲ್ಲ, ಆದರೆ ತನಗೇಕೆ ಇಲ್ಲವೆಂಬ ಸಂಕಟವುಂಟು.

ಕಾರಣವನ್ನು ಭಗವಂತರು ಮುಚ್ಚಿಡಲಿಲ್ಲ. ಗೌತಮರಿಗೆ ತಮ್ಮ ಮೇಲಿದ್ದ ಸ್ನೇಹವೇ ತಡೆಯೆಂದು ತಿಳಿಸಿದರು. ಹಲವು ಜನ್ಮಗಳಿಂದ ಬೆಳೆದುಬಂದ ಬಂಧ ಅದು. ಉತ್ತರಾಧ್ಯಯನದ ಹತ್ತನೆಯ ಅಧ್ಯಯನದಲ್ಲಿ, ಮರದಿಂದ ಉದುರುವ ಹಣ್ಣೆಲೆಯ ಹೋಲಿಕೆಯಿಂದ ತೊಡಗಿ, ಒಂದು ಕ್ಷಣವೂ ಎಚ್ಚರ ತಪ್ಪದಿರುವಂತೆ ಗೌತಮರಿಗೆ ಮತ್ತೆಮತ್ತೆ ಮಾಡಿದ ಉಪದೇಶವಿದೆ. ಮೋಹವನ್ನು ಬಿಡಬೇಕೆಂಬುದು ನಮಗೆ ತಿಳಿದ ಮಾತು. ಮನೆ, ಹಣ, ಮಕ್ಕಳ ಮೇಲಣ ಮೋಹವನ್ನೇ ಬಿಡಲಾರದ ನಾವು ಅದನ್ನು ತಲೆದೂಗಿ ಕೇಳುತ್ತೇವೆ. ಆದರೆ ತೀರ್ಥಂಕರರ ಮೇಲಣ ಪ್ರೀತಿಯೂ ಬಂಧವೆಂದರೆ ಭಕ್ತನಿಗೆ ಅದನ್ನು ಒಪ್ಪುವುದು ಸುಲಭವಲ್ಲ. ಈ ಲೇಖಕನಿಗೂ ಸುಲಭವಾಗಿಲ್ಲ. ಬಿಡಬೇಕಾದುದು ಭಕ್ತಿಯನ್ನಲ್ಲ, ಭಕ್ತಿಯೊಳಗೆ ಸೇರಿಕೊಂಡಿರುವ ನನ್ನವರೆಂಬ ರಾಗವನ್ನು ಎಂದು ಆಚಾರ್ಯರು ಬಿಡಿಸಿ ಹೇಳುತ್ತಾರೆ. ಬಿಡಿಸುವುದು ಹೇಗೆಂಬುದು ಮಾತ್ರ ಗೌತಮರಿಗೂ 30 ವರ್ಷ ಗೊತ್ತಾಗಲಿಲ್ಲ.

ಭಗವಂತರ 72ನೆಯ ವರ್ಷ. ಕೊನೆಯ ವರ್ಷಾವಾಸ ಪಾವೆಯಲ್ಲಿ. ತಾವರೆಕೊಳಗಳ ನಡುವಣ ಮನೋಹರವೆಂಬ ಉದ್ಯಾನದಲ್ಲಿ ಅವರು ಯೋಗನಿರೋಧಕ್ಕೆ ನಿಂತರೆಂದು ದಿಗಂಬರ ಪುರಾಣಗಳು ವರ್ಣಿಸುತ್ತವೆ. ಹಸ್ತಿಪಾಲ ರಾಜನ ಲೇಖಕರ ಶಾಲೆಯಲ್ಲಿ ಕೊನೆಯ ಉಪದೇಶ ನಡೆಯಿತೆಂದು ಕಲ್ಪಸೂತ್ರದ ಪರಂಪರೆ ಹೇಳುತ್ತದೆ. ಆ ಹೊತ್ತಿಗೆ ಗೌತಮರು ಅಲ್ಲಿರಲಿಲ್ಲ ಎಂಬುದು ಶ್ವೇತಾಂಬರ ಕಥನದ ಮುಖ್ಯ ಸಂಗತಿ. ದೇವಶರ್ಮನೆಂಬ ಬ್ರಾಹ್ಮಣನಿಗೆ ಉಪದೇಶಿಸಿ ಬರಲು ಭಗವಂತರೇ ಅವರನ್ನು ಹತ್ತಿರದ ಊರಿಗೆ ಕಳುಹಿಸಿದ್ದರು. ಚತುರ್ದಶಿಯ ರಾತ್ರಿ ಕಳೆದು ಅಮಾವಾಸ್ಯೆ ಬೆಳಗಾಗುವ ಹೊತ್ತಿಗೆ, ಸ್ವಾತಿ ನಕ್ಷತ್ರದಲ್ಲಿ, ಭಗವಂತರು ನಿರ್ವಾಣ ಹೊಂದಿದರೆಂದು ನಮ್ಮ ಪರಂಪರೆ. ಕ್ರಿಸ್ತಪೂರ್ವ 527ನೆಯ ವರ್ಷವದು.

ಹಿಂದಿರುಗುವ ದಾರಿಯಲ್ಲಿ ಗೌತಮರಿಗೆ ಸುದ್ದಿ ಮುಟ್ಟಿತು. ಎಂಬತ್ತರ ವೃದ್ಧರು, ನಾಲ್ಕು ಜ್ಞಾನಗಳ ಒಡೆಯರು, ಮಗುವಿನಂತೆ ಅತ್ತರು. ಕೊನೆಯ ಗಳಿಗೆಯಲ್ಲಿ ತನ್ನನ್ನೇಕೆ ದೂರಮಾಡಿದರು, ಬಳಿಯಲ್ಲಿದ್ದಿದ್ದರೆ ಸೆರಗು ಹಿಡಿದು ತಡೆಯುವೆನೆಂದು ಅಂಜಿದರೆ, ಮೋಕ್ಷದಲ್ಲಿ ಪಾಲು ಕೇಳುವೆನೆಂದು ಎಣಿಸಿದರೆ ಎಂದು ಹಲುಬಿದರು. ಇನ್ನು ಪ್ರಶ್ನೆಗಳನ್ನು ಯಾರಿಗೆ ಕೇಳಲಿ, ತನ್ನನ್ನು ಹೆಸರು ಹಿಡಿದು ಕರೆಯುವವರು ಯಾರು ಎಂದು ಸಂಕಟಪಟ್ಟರು. ಈ ವಿಲಾಪವನ್ನು ಜೈನ ಕವಿಗಳು ನಾಚಿಕೆಯಿಲ್ಲದೆ, ವಿಸ್ತಾರವಾಗಿ ಹಾಡಿದ್ದಾರೆ. ಮಹಾಮುನಿಗೆ ಶೋಕ ಸಲ್ಲದೆಂದು ಅವರು ಅದನ್ನು ಮುಚ್ಚಿಡಲಿಲ್ಲ.

ಅಳುತ್ತಿದ್ದಂತೆಯೇ ವಿಚಾರ ತಿರುಗಿತು. ಭಗವಂತರು ವೀತರಾಗರು. ಅವರಿಗೆ ತನ್ನ ಮೇಲೆ ರಾಗವಿದ್ದುದೇ ಇಲ್ಲ, ದ್ವೇಷವೂ ಇಲ್ಲ. ಪ್ರೀತಿ ಒಂದೇ ಕಡೆಯಿಂದ ಹರಿದದ್ದು, ತನ್ನ ಕಡೆಯಿಂದ. ದೂರ ಕಳುಹಿಸಿದುದು ಉಪೇಕ್ಷೆಯಲ್ಲ, ಕೊನೆಯ ಪಾಠ. ಜೀವವು ಒಂಟಿ, ತನಗೆ ತಾನೇ ಶರಣು ಎಂದು 30 ವರ್ಷ ಕೇಳಿದ್ದ ಮಾತು ಅಂದು ಅನುಭವಕ್ಕೆ ಬಂದಿತು. ಯಾರನ್ನು ಹಿಡಿದುಕೊಂಡಿದ್ದರೋ ಆ ದೇಹವೇ ಇಲ್ಲವಾದಾಗ ಹಿಡಿತ ತಾನಾಗಿ ಸಡಿಲಿತು. ಘಾತಿಕರ್ಮಗಳು ಕ್ಷಯವಾಗಿ ಕೇವಲಜ್ಞಾನ ಉದಯಿಸಿತು. ದಿಗಂಬರ ಪರಂಪರೆ ಈ ವಿಲಾಪಕ್ಕೆ ಹೆಚ್ಚು ಎಡೆಕೊಡದೆ, ಅದೇ ಅಮಾವಾಸ್ಯೆಯ ಸಂಜೆ ಗೌತಮರು ಧ್ಯಾನಬಲದಿಂದ ಕೇವಲಿಗಳಾದರೆಂದು ಸಂಯಮದಿಂದ ಹೇಳುತ್ತದೆ. ದಿನದ ಬಗೆಗೆ ಮಾತ್ರ ಎರಡರಲ್ಲಿಯೂ ಭಿನ್ನಾಭಿಪ್ರಾಯವಿಲ್ಲ.

ಪಾವೆಯಲ್ಲಿ ಸೇರಿದ್ದ ಕಾಶಿ ಕೋಸಲಗಳ 18 ಗಣರಾಜರು, ಜ್ಞಾನದ ಬೆಳಕು ಮರೆಯಾಯಿತೆಂದು ಹಣತೆಯ ಬೆಳಕನ್ನು ಹೊತ್ತಿಸಿದ ವೃತ್ತಾಂತ ಕಲ್ಪಸೂತ್ರದಲ್ಲಿದೆ. ಅಂದಿನಿಂದ ಲೋಕವು ಪ್ರತಿ ವರ್ಷ ದೀಪಾಲಿಕೆಯನ್ನು ಆಚರಿಸುತ್ತ ಬಂದಿದೆಯೆಂದು ಹರಿವಂಶಪುರಾಣದಲ್ಲಿ ಬರೆದವರು ಪುನ್ನಾಟ ಸಂಘದ ಜಿನಸೇನಾಚಾರ್ಯರು. ಶಕ 705ರಲ್ಲಿ, ಅಂದರೆ ಕ್ರಿಸ್ತಶಕ 783ರಲ್ಲಿ, ಗುಜರಾತಿನ ವರ್ಧಮಾನಪುರದಲ್ಲಿ ಆ ಗ್ರಂಥ ರಚಿತವಾಯಿತು. ಅವರ ಸಂಘಕ್ಕೆ ಹೆಸರು ಬಂದುದು ಕನ್ನಡ ನಾಡಿನ ಪುನ್ನಾಡಿನಿಂದ. ಗುಜರಾತಿನಲ್ಲಿ ಕುಳಿತು ಮಗಧದ ದೀಪವನ್ನು ನೆನೆದ ಆ ಮುನಿಯ ಸಂಘದ ಬೇರು ಕಾವೇರಿ ಕಪಿಲೆಯರ ಸೀಮೆಯಲ್ಲಿತ್ತು. ನಿರ್ವಾಣದ ಮರುದಿನ, ನಮ್ಮಲ್ಲಿ ಬಲಿಪಾಡ್ಯಮಿ ಆಚರಿಸುವ ದಿನವೇ, ವೀರನಿರ್ವಾಣ ಸಂವತ್ಸರದ ಮೊದಲ ದಿನ. ಶಕರಾಜನಿಗಿಂತ 605 ವರ್ಷ 5 ತಿಂಗಳು ಮುಂಚೆ ವೀರನಿರ್ವಾಣವಾಯಿತೆಂದು ಪ್ರಾಚೀನ ಗ್ರಂಥಗಳು ಲೆಕ್ಕ ಕೊಡುತ್ತವೆ.

ಕೇವಲಿಯಾದ ಬಳಿಕ ಗೌತಮರು 12 ವರ್ಷಗಳ ಕಾಲ ವಿಹರಿಸಿದರು. ಕೇವಲಿಯು ಸಂಘದ ಆಡಳಿತ ಹೊರುವುದಿಲ್ಲವಾಗಿ, ನಿರ್ವಾಣದ ದಿನವೇ ಆ ಹೊಣೆ ಸುಧರ್ಮ ಸ್ವಾಮಿಗಳಿಗೆ ಬಂದಿತೆಂದು ಶ್ವೇತಾಂಬರರು ಹೇಳುತ್ತಾರೆ. ದಿಗಂಬರ ಪಟ್ಟಾವಳಿಗಳಲ್ಲಿ ಮೊದಲ ಹೆಸರು ಗೌತಮರದೇ. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಯ ಮೇಲೆ, ಪ್ರಭಾಚಂದ್ರ ಮುನಿಗಳ ನೆನಪಿಗೆ ಕಡೆದ ಅತ್ಯಂತ ಹಳೆಯ ಶಾಸನದಲ್ಲಿ, ಮಹಾವೀರರ ಅನಂತರ ಬರುವ ಮೊದಲ ಹೆಸರು ಗೌತಮ ಗಣಧರರದು. ಅದರ ಮುಂದಿನದು ಲೋಹಾರ್ಯರದು, ಅಂದರೆ ಸುಧರ್ಮರದು. ಆಮೇಲೆ ಜಂಬೂ. ಬೆಟ್ಟ ಹತ್ತಿದವರು ಕಟಕಟೆಯೊಳಗಿನ ಆ ಅಕ್ಷರಗಳ ಮುಂದೆ ಎರಡು ನಿಮಿಷ ನಿಲ್ಲಬಹುದು.

ಗೌತಮರ ನಿರ್ವಾಣ ಮಗಧದಲ್ಲಿಯೇ ಆಯಿತು. ರಾಜಗೃಹದ ಬೆಟ್ಟಗಳಲ್ಲಿಯೂ, ನವಾದಾ ಬಳಿಯ ಗುಣಾವಾ ಕ್ಷೇತ್ರದಲ್ಲಿಯೂ ಯಾತ್ರಿಕರು ಅವರ ಚರಣಗಳಿಗೆ ವಂದಿಸುತ್ತಾರೆ. ಪಾವಾಪುರಿಯ ಜಲಮಂದಿರವನ್ನು ನೋಡಿ ಬರುವವರು ಗುಣಾವಾವನ್ನೂ ಸೇರಿಸಿಕೊಂಡರೆ, ಒಂದೇ ಯಾತ್ರೆಯಲ್ಲಿ ಗುರುಶಿಷ್ಯರಿಬ್ಬರ ದರ್ಶನವಾಗುತ್ತದೆ.

ಒಂದೇ ದಿನದ ಈ ಕೂಡುವಿಕೆ ಅಲ್ಲಿಗೇ ನಿಲ್ಲಲಿಲ್ಲ. ಗೌತಮರು ನಿರ್ವಾಣ ಹೊಂದಿದ ದಿನವೇ ಸುಧರ್ಮ ಸ್ವಾಮಿಗಳಿಗೆ ಕೇವಲಜ್ಞಾನವಾಯಿತೆಂದು ತಿಲೋಯಪಣ್ಣತ್ತಿಯು ಹೇಳುತ್ತದೆ. 12 ವರ್ಷಗಳ ಮೇಲೆ ಸುಧರ್ಮರು ಸಿದ್ಧರಾದಾಗ ಜಂಬೂಸ್ವಾಮಿಗಳು ಕೇವಲಿಗಳಾದರು. ಅವರು 38 ವರ್ಷ ಧರ್ಮವನ್ನು ಬೆಳಗಿದರು. ಮೂವರ ಕಾಲವೂ ಸೇರಿ 62 ವರ್ಷ. ಜಂಬೂಸ್ವಾಮಿಗಳು ನಿರ್ವಾಣ ಹೊಂದಿದಾಗ ಅವರ ಸ್ಥಾನದಲ್ಲಿ ಇನ್ನೊಬ್ಬರಿಗೆ ಕೇವಲಜ್ಞಾನವಾಗಲಿಲ್ಲ. ಅನುಬದ್ಧ ಕೇವಲಿಗಳ ಸರಣಿ ಅಲ್ಲಿಗೆ ಮುಗಿಯಿತು.